ಮೇಜಿನ ಮೇಲೆ ಮೂರು ಟೋಪಿ: ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ‘ಕಮಿಟ್’ ಆಗುವುದು ಎಂದರೇನು?

ಟೆಕ್ಸಾಸ್‌ನ ಫ್ರಿಸ್ಕೋದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಬೇಸಿಗೆಯಲ್ಲಿ ಒಂದು ಫೋಟೋ ಕಳಿಸಿದ್ದಳು. ಪಕ್ಕದ ಮನೆಯ ಹುಡುಗ ಮೇಜಿನ ಹಿಂದೆ ಕೂತಿದ್ದಾನೆ. ಇನ್ನೇನು ಹೈಸ್ಕೂಲಿನ ಕೊನೆಯ ವರ್ಷಕ್ಕೆ ಕಾಲಿಡುವವನು. ಎದುರಿಗೆ ಮೂರು ಟೋಪಿ, ಒಂದೊಂದರ ಮೇಲೆ ಒಂದೊಂದು ಯೂನಿವರ್ಸಿಟಿಯ ಗುರುತು. ಒಂದು ಪಕ್ಕ ಅಮ್ಮ, ಇನ್ನೊಂದು ಪಕ್ಕ ಅಜ್ಜಿ, ಹಿಂದೆ ಬಲೂನು. ಹುಡುಗ ನಡುವಿನ ಟೋಪಿ ಎತ್ತಿ ತಲೆಗೆ ಇಟ್ಟುಕೊಂಡನಂತೆ. ಚಪ್ಪಾಳೆ, ಕೇಕು, ಅಜ್ಜಿಯ ಕಣ್ಣಲ್ಲಿ ನೀರು. ‘ಕಮಿಟ್ ಆದ’ ಎಂದು ಎಲ್ಲರೂ ಹೇಳಿದರು.

ಅಕ್ಟೋಬರ್‌ನಲ್ಲಿ ಅವಳದೇ ಇನ್ನೊಂದು ಮೆಸೇಜು: ‘ಅಣ್ಣಾ, ಅವನು ಈಗ ಬೇರೆ ಕಾಲೇಜಂತೆ. ಹಾಗಾದ್ರೆ ನಾವು ಕೇಕ್ ತಿಂದಿದ್ದು ಯಾತಕ್ಕೆ?’

ಒಳ್ಳೆ ಪ್ರಶ್ನೆ. ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವ ಎಷ್ಟೋ ಕನ್ನಡದ ಮನೆಗಳಲ್ಲಿ ಈ ಮಾತು ಕಿವಿಗೆ ಬೀಳುತ್ತದೆ. ಕಮಿಟ್, ಡಿಕಮಿಟ್, ಫ್ಲಿಪ್. ಮಕ್ಕಳಿಗೆ ಗೊತ್ತಿರುತ್ತದೆ, ಅಪ್ಪ ಅಮ್ಮ ಸುಮ್ನೆ ತಲೆ ಆಡಿಸುತ್ತಾರೆ. ಬುಡದಿಂದ ನೋಡೋಣ.

ಆಟ ಯಾವುದು, ಇಷ್ಟೊಂದು ಗಲಾಟೆ ಯಾಕೆ?

ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿ, ಭುಜಕ್ಕೆ ಪ್ಯಾಡ್ ಕಟ್ಟಿ, ಎರಡೂ ತುದಿ ಚೂಪಾಗಿರುವ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. 100 ಗಜದ ಮೈದಾನ, ಒಂದೊಂದು ಕಡೆ 11 ಜನ.

ಇದರ ವೃತ್ತಿಪರ ಲೀಗ್ ಹೆಸರು ಎನ್‌ಎಫ್‌ಎಲ್. ಅಲ್ಲಿಗೆ ಹೈಸ್ಕೂಲಿನಿಂದ ನೇರವಾಗಿ ಹೋಗುವ ಹಾಗಿಲ್ಲ. ಹೈಸ್ಕೂಲು ಬಿಟ್ಟು ಕನಿಷ್ಠ ಮೂರು ವರ್ಷ ಆಗಿರಬೇಕು. ನಮ್ಮಲ್ಲಿ ವೈಭವ್ ಸೂರ್ಯವಂಶಿ 14ನೇ ವಯಸ್ಸಿಗೇ ಐಪಿಎಲ್ ಆಡಿದ, ಅಲ್ವಾ? ಅಲ್ಲಿ ಅದು ಆಗದ ಮಾತು. ಆ ಮೂರು ವರ್ಷ ಹುಡುಗ ಆಡುವುದು ಕಾಲೇಜಿನಲ್ಲಿ. ಹಾಗಾಗಿ ಕಾಲೇಜು ತಂಡವೇ ಎನ್‌ಎಫ್‌ಎಲ್‌ಗೆ ಹೆಚ್ಚುಕಡಿಮೆ ಇರುವ ಒಂದೇ ದಾರಿ.

ಕಾಲೇಜು ಆಟ ಅಂದರೆ ನಮ್ಮ ಅಂತರ ಕಾಲೇಜು ಪಂದ್ಯದ ಹಾಗೆ ನಾಲ್ಕು ಜನ ನೋಡಿ ಹೋಗುವಂಥದ್ದಲ್ಲ. ಮಿಷಿಗನ್ ಯೂನಿವರ್ಸಿಟಿಯ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ನಮ್ಮ ಚಿನ್ನಸ್ವಾಮಿಯಂಥ ಎರಡು ಸ್ಟೇಡಿಯಂ ತುಂಬಿಸಿದರೂ ಇನ್ನಷ್ಟು ಜನ ಹೊರಗೆ ಉಳಿಯುತ್ತಾರೆ. ಟಿವಿ ಹಕ್ಕಿನ ದುಡ್ಡು ಬೇರೆ. ಎಷ್ಟೋ ರಾಜ್ಯಗಳಲ್ಲಿ ಸರ್ಕಾರದ ಸಂಬಳ ಪಡೆಯುವವರಲ್ಲಿ ಅತಿ ದೊಡ್ಡ ಸಂಬಳ ಗವರ್ನರ್‌ದಲ್ಲ, ಸರ್ಕಾರಿ ಯೂನಿವರ್ಸಿಟಿಯ ಕೋಚ್‌ದು. ಹೈಸ್ಕೂಲಿನವರೂ ಏನೂ ಕಡಿಮೆಯಿಲ್ಲ. ಡಲ್ಲಾಸ್ ಹತ್ತಿರದ ಆಲನ್ ಎಂಬ ಊರಿನ ಹೈಸ್ಕೂಲಿಗೆ 2012ರಲ್ಲಿ ಸುಮಾರು 6 ಕೋಟಿ ಡಾಲರ್ ಖರ್ಚು ಮಾಡಿ 18,000 ಸೀಟಿನ ಸ್ಟೇಡಿಯಂ ಕಟ್ಟಿದರು. ಹೌದು, ಹೈಸ್ಕೂಲಿಗೆ.

ದೇಶದಲ್ಲಿ ಸುಮಾರು 10 ಲಕ್ಷ ಹೈಸ್ಕೂಲ್ ಹುಡುಗರು ಈ ಆಟ ಆಡುತ್ತಾರೆ. ಮೇಲಿನ ದರ್ಜೆಯ ಕಾಲೇಜು ತಂಡಗಳು 130ಕ್ಕೂ ಸ್ವಲ್ಪ ಜಾಸ್ತಿ. ಒಂದೊಂದು ತಂಡ ಹೈಸ್ಕೂಲಿನಿಂದ ವರ್ಷಕ್ಕೆ ತೆಗೆದುಕೊಳ್ಳುವುದು ಸುಮಾರು 20–25 ಜನರನ್ನು. ಇಲ್ಲಿ ಐಪಿಎಲ್ ಥರ ಹರಾಜಿಲ್ಲ. ಯಾವ ತಂಡಕ್ಕೆ ಯಾರು ಎಂದು ಚೀಟಿ ಎತ್ತುವವರೂ ಇಲ್ಲ. ಕೋಚ್‌ಗಳು ಹುಡುಗನ ಮನೆ ಬಾಗಿಲಿಗೆ ಹೋಗಿ ಒಲಿಸಬೇಕು, ಹುಡುಗ ಒಂದನ್ನು ಆರಿಸಬೇಕು. ಈ ಒಲಿಸುವ ಕೆಲಸಕ್ಕೇ ರಿಕ್ರೂಟಿಂಗ್ ಎಂದು ಹೆಸರು. ಹುಡುಗರಿಗೆ ಎರಡು ಸ್ಟಾರ್‌ನಿಂದ ಐದು ಸ್ಟಾರ್‌ವರೆಗೆ ದರ್ಜೆ ಕೊಡುವುದಕ್ಕೆಂದೇ ವೆಬ್‌ಸೈಟುಗಳಿವೆ. ಹೋಟೆಲಿಗೆ ಕೊಟ್ಟ ಹಾಗೆ.

ಆಫರ್: ಇದ್ದೂ ಇಲ್ಲದ್ದು

ಕಥೆ ಶುರುವಾಗುವುದು ‘ಆಫರ್’ನಿಂದ. ಕೋಚ್ ಹುಡುಗನಿಗೆ ಹೇಳುತ್ತಾನೆ: ‘ನಿನಗೆ ನಮ್ಮಲ್ಲಿ ಸ್ಕಾಲರ್‌ಶಿಪ್ ಇದೆ, ಬಾ.’ ಸ್ಕಾಲರ್‌ಶಿಪ್ ಅಂದರೆ ಫೀಸು, ಹಾಸ್ಟೆಲು, ಊಟ, ಪುಸ್ತಕ. ಸಾಲ ಮಾಡಿಯೇ ಕಾಲೇಜು ಓದಬೇಕಾದ ದೇಶದಲ್ಲಿ ಇದು ಸಣ್ಣದಲ್ಲ.

ಆದರೆ ಈ ಆಫರ್ ಬಹುಪಾಲು ಬಾಯಿಮಾತು. ಕಾಲೇಜು ಕ್ರೀಡೆಯ ನಿಯಮ ಮಾಡುವ ಸಂಸ್ಥೆ ಎನ್‌ಸಿಎಎ. ಅದರ ಪ್ರಕಾರ ಹೈಸ್ಕೂಲಿನ ಕೊನೆಯ ವರ್ಷದ ಆಗಸ್ಟ್ 1ಕ್ಕೆ ಮೊದಲು ಕಾಗದದ ಮೇಲೆ ಆಫರ್ ಕೊಡುವಂತಿಲ್ಲ. ಅದಕ್ಕೆ ಮೊದಲು ಒಂಬತ್ತನೇ, ಹತ್ತನೇ ಕ್ಲಾಸಿನ ಹುಡುಗ ‘ನನಗೆ ಆಫರ್ ಬಂತು’ ಎಂದು ಹಾಕುವ ಪೋಸ್ಟ್‌ನ ಹಿಂದೆ ಇರುವುದು ಒಂದು ಫೋನ್ ಕರೆ, ಅಷ್ಟೇ.

ಇನ್ನೊಂದು ವಿಷಯ. ಇರುವ ಜಾಗ 25, ಆಫರ್ ಹೋಗುವುದು ಅದರ ಎಷ್ಟೋ ಪಟ್ಟು ಜನಕ್ಕೆ. ಚೆಂಡು ಎಸೆಯುವ ಮುಖ್ಯ ಆಟಗಾರ ಕ್ವಾರ್ಟರ್‌ಬ್ಯಾಕ್ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಒಬ್ಬನೋ ಇಬ್ಬರೋ ಸಾಕು. ಆದರೆ ಕೋಚ್ ಐದಾರು ಹುಡುಗರಿಗೆ ಹೇಳಿರುತ್ತಾನೆ. ಮೊದಲು ಹ್ಞೂಂ ಅಂದವನಿಗೆ ಜಾಗ. ಕೆಲವು ಸಲ ಅದೂ ಇಲ್ಲ. ಹುಡುಗ ಫೋನ್ ಮಾಡಿ ‘ಸರಿ ಕೋಚ್, ನಾನು ಬರ್ತೀನಿ’ ಅಂದರೆ, ‘ತಡಿ, ಇನ್ನೊಂದು ಸ್ವಲ್ಪ ದಿನ ನೋಡೋಣ’ ಎಂಬ ಉತ್ತರ ಬರುತ್ತದೆ. ಅಂದರೆ ಅವರ ಪಟ್ಟಿಯಲ್ಲಿ ಇವನ ಮೇಲೆ ಇನ್ನೊಬ್ಬನಿದ್ದಾನೆ. ಅದಕ್ಕೇ ಅಲ್ಲಿನ ಅನುಭವಸ್ಥ ಅಪ್ಪಂದಿರು ಕೋಚ್‌ಗೆ ಮೊದಲು ಕೇಳುವ ಪ್ರಶ್ನೆ ಇದು: ‘ಇವತ್ತೇ ಒಪ್ಪಿದರೆ ನೀವು ತಗೋತೀರಾ?’

ಕಮಿಟ್ ಅಂದರೆ ಸಿಇಟಿಯ ಚಾಯ್ಸ್ 2

ಹುಡುಗ ‘ನಾನು ಈ ಕಾಲೇಜಿಗೇ’ ಎಂದು ಹೇಳುವುದು ಕಮಿಟ್. ಟೋಪಿ, ಕೇಕು, ವಿಡಿಯೋ ಎಲ್ಲ ಇದಕ್ಕೆ. ಇದಕ್ಕೆ ಕಾಗದವಿಲ್ಲ, ಸಹಿಯಿಲ್ಲ. ಹುಡುಗ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಅದು ಡಿಕಮಿಟ್. ಒಂದು ಕಾಲೇಜು ಬಿಟ್ಟು ನೇರವಾಗಿ ಇನ್ನೊಂದಕ್ಕೆ ಹಾರಿದರೆ ಫ್ಲಿಪ್. ಕಾಲೇಜೂ ಹಾಗೇ ಕೈಬಿಡಬಹುದು. ಅದಕ್ಕೆ ಮಾತ್ರ ಇಂಥ ಚುರುಕಾದ ಹೆಸರು ಯಾರೂ ಇಟ್ಟಿಲ್ಲ.

ನಮ್ಮ ಸಿಇಟಿ ಕೌನ್ಸೆಲಿಂಗ್ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಸೀಟು ಹಂಚಿಕೆ ಆದ ಮೇಲೆ ಚಾಯ್ಸ್ 1 ಒತ್ತಿದರೆ, ಈ ಸೀಟು ಸಾಕು, ಫೀಸು ಕಟ್ಟಿ ಸೇರುತ್ತೇನೆ ಎಂದರ್ಥ. ಚಾಯ್ಸ್ 2 ಅಂದರೆ, ಇದು ಇರಲಿ, ಆದರೆ ಮುಂದಿನ ಸುತ್ತಿನಲ್ಲಿ ಇನ್ನೂ ಒಳ್ಳೆಯದು ಸಿಕ್ಕರೆ ಅದಕ್ಕೆ ಹೋಗುತ್ತೇನೆ. ಹುಡುಗ ಟೋಪಿ ಹಾಕಿಕೊಂಡಾಗ ನೋಡುವವರಿಗೆ ಅದು ಚಾಯ್ಸ್ 1ರ ಹಾಗೆ ಕಾಣುತ್ತದೆ. ಕೆಲಸ ಮಾಡುವುದು ಚಾಯ್ಸ್ 2ರ ಹಾಗೆ. ಒಂದು ವ್ಯತ್ಯಾಸವಿದೆ. ಸಿಇಟಿಯಲ್ಲಿ ಸೀಟು ಕೊಟ್ಟವರು ‘ನಮಗೂ ನಿನಗಿಂತ ಒಳ್ಳೆ ರ‍್ಯಾಂಕಿನವನು ಸಿಕ್ಕ’ ಎಂದು ಸೀಟು ವಾಪಸ್ ಕಿತ್ತುಕೊಳ್ಳುವುದಿಲ್ಲ. ಇಲ್ಲಿ ಅದೂ ಉಂಟು. ಎರಡೂ ಕಡೆಯವರು ಚಾಯ್ಸ್ 2 ಒತ್ತಿಕೊಂಡು ಕೂತಿರುತ್ತಾರೆ.

ಹಾಗಾದರೆ ಕಮಿಟ್ ಆಗಿ ಏನು ಲಾಭ? ಹುಡುಗನಿಗೆ ಜಾಗ ತಾತ್ಕಾಲಿಕವಾಗಿಯಾದರೂ ಸಿಕ್ಕಿತು. ಆಟದಲ್ಲಿ ಮೊಣಕಾಲು ಮುರಿದುಕೊಂಡರೂ ‘ನಮ್ಮ ಹುಡುಗ’ ಎಂದು ಕಾಲೇಜು ನೋಡಿಕೊಳ್ಳಬಹುದು ಎಂಬ ಆಸೆ. ಕೋಚ್‌ಗೆ ಆ ಸ್ಥಾನದ ಚಿಂತೆ ಅರ್ಧ ಮುಗಿಯಿತು. ಒಬ್ಬ ಒಳ್ಳೆ ಹುಡುಗ ಬಂದನೆಂದರೆ ಅವನೇ ಗೆಳೆಯರಿಗೆ ಮೆಸೇಜು ಮಾಡಿ ಇನ್ನೂ ನಾಲ್ವರನ್ನು ಕರೆತರುತ್ತಾನೆ.

ಆದರೆ ಬೇರೆ ಕಾಲೇಜಿನ ಕೋಚ್‌ಗಳು ಕಮಿಟ್ ಆದವನಿಗೂ ಫೋನ್ ಮಾಡುತ್ತಲೇ ಇರುತ್ತಾರೆ. ನಿಯಮ ಅದನ್ನು ತಡೆಯುವುದಿಲ್ಲ. ಕಾಲೇಜಿನ ಖರ್ಚಿನಲ್ಲೇ ಎರಡು ದಿನ ಕರೆಸಿ, ಊಟ ಹಾಕಿ, ತಂಡದ ಜರ್ಸಿ ತೊಡಿಸಿ ಫೋಟೋ ತೆಗೆಸುವ ‘ವಿಸಿಟ್’ ಎಂಬ ಉಪಚಾರವೂ ಇದೆ. ಹದಿನೇಳರ ಹುಡುಗನಿಗೆ ಇದಕ್ಕಿಂತ ದೊಡ್ಡ ಬೀಗರ ಔತಣ ಇರಲಿಕ್ಕಿಲ್ಲ. ಕ್ಲೆಮ್ಸನ್ ಯೂನಿವರ್ಸಿಟಿಯ ಕೋಚ್ ಡಾಬೊ ಸ್ವೀನಿ ಇದಕ್ಕೆ ಒಂದು ಗೆರೆ ಹಾಕಿದ್ದಾರೆ. ನಮಗೆ ಕಮಿಟ್ ಆದ ಮೇಲೆ ಬೇರೆ ಕಡೆ ವಿಸಿಟ್ ಹೋದರೆ ನಮ್ಮಲ್ಲಿ ಜಾಗ ಇಲ್ಲ ಎಂದು. ಎಲ್ಲರೂ ಹೀಗಿಲ್ಲ. ಬೇರೆಯವರ ಹುಡುಗನಿಗೆ ತಾವೇ ಫೋನ್ ಮಾಡುತ್ತಾ, ತಮ್ಮ ಹುಡುಗ ಮಾತ್ರ ಕದಲಬಾರದು ಎನ್ನುವವರೇ ಹೆಚ್ಚು.

ಸಹಿ ಹಾಕುವ ಬುಧವಾರ

ಮಾತಿಗೆ ಬೀಗ ಬೀಳುವುದು ಸಹಿ ಬಿದ್ದ ಮೇಲೆ. 1964ರಲ್ಲಿ ‘ನ್ಯಾಷನಲ್ ಲೆಟರ್ ಆಫ್ ಇಂಟೆಂಟ್’ ಎಂಬ ಪತ್ರ ಬಂತು. ಹುಡುಗನನ್ನು ಎಳೆದಾಡುವುದಕ್ಕೆ ಎಲ್ಲೋ ಒಂದು ಕೊನೆ ಬೇಕಲ್ಲ, ಅದಕ್ಕೆ. ಹುಡುಗ ಸಹಿ ಹಾಕಿದರೆ ಮಿಕ್ಕವರು ಫೋನ್ ನಿಲ್ಲಿಸಬೇಕಿತ್ತು. ಪ್ರತಿಯಾಗಿ ಅವನಿಗೆ ಕನಿಷ್ಠ ಒಂದು ವರ್ಷದ ಸ್ಕಾಲರ್‌ಶಿಪ್ ಖಾತ್ರಿಯಾಗುತ್ತಿತ್ತು. ಸಹಿ ಹಾಕಿ ಕೈಕೊಟ್ಟರೆ ಬೇರೆ ಕಡೆ ಒಂದು ವರ್ಷ ಆಡದೆ ಕೂರಬೇಕಿತ್ತು. ಆ ಪತ್ರದಲ್ಲಿ ಒಂದು ಸಾಲಿತ್ತು: ನೀನು ಸಹಿ ಹಾಕುತ್ತಿರುವುದು ಕಾಲೇಜಿಗೆ, ಕೋಚ್‌ಗಲ್ಲ. ಕೋಚ್ ಬಿಟ್ಟು ಹೋದರೂ ನೀನು ಇರಬೇಕು. ಆ ಪತ್ರದಲ್ಲಿ ಹುಡುಗನಿಗೆ ಅತ್ಯಂತ ದುಬಾರಿಯಾಗಿದ್ದ ಸಾಲು ಇದೇ ಎಂದು ನನಗನಿಸುತ್ತದೆ.

ವರ್ಷಾನುಗಟ್ಟಲೆ ಫೆಬ್ರುವರಿಯ ಮೊದಲ ಬುಧವಾರ ಸಹಿಯ ದಿನವಾಗಿತ್ತು. 2017ರಿಂದ ಡಿಸೆಂಬರ್‌ನಲ್ಲೂ ಸಹಿ ಹಾಕಬಹುದು. ಈಗ ಬಹುಪಾಲು ಹುಡುಗರು ಡಿಸೆಂಬರ್‌ನಲ್ಲೇ ಮುಗಿಸುತ್ತಾರೆ.

2015ರ ಫೆಬ್ರುವರಿ 4ರ ಬುಧವಾರ ನಡೆದದ್ದನ್ನು ಹತ್ತಿರದಿಂದ ನೋಡಬೇಕು. ರೊಕ್ವಾನ್ ಸ್ಮಿತ್ ಎಂಬ ಹುಡುಗ ಜಾರ್ಜಿಯಾ ರಾಜ್ಯದ ಸಣ್ಣ ಊರಿನವನು. ಟಿವಿಯ ಮುಂದೆ ‘ನಾನು ಕ್ಯಾಲಿಫೋರ್ನಿಯಾದ ಯುಸಿಎಲ್‌ಎಗೆ’ ಎಂದು ಸಾರಿದ. ಆಗೆಲ್ಲ ಸಹಿ ಹಾಕಿದ ಪತ್ರ ಕಾಲೇಜಿಗೆ ಫ್ಯಾಕ್ಸ್‌ನಲ್ಲಿ ಹೋಗುತ್ತಿತ್ತು. ಇವನ ಫ್ಯಾಕ್ಸ್ ಇನ್ನೂ ಹೋಗಿರಲಿಲ್ಲ. ಅಷ್ಟರಲ್ಲಿ ಒಂದು ಸುದ್ದಿ ಬಂತು. ಅವನನ್ನು ಒಲಿಸಿದ್ದ ಯುಸಿಎಲ್‌ಎ ಕೋಚ್ ಎನ್‌ಎಫ್‌ಎಲ್‌ನ ಅಟ್ಲಾಂಟಾ ತಂಡಕ್ಕೆ ಹೋಗುವವನಿದ್ದಾನೆ. ರೊಕ್ವಾನ್ ಫ್ಯಾಕ್ಸ್ ಕಳಿಸಲಿಲ್ಲ. ಕೆಲವು ದಿನ ಕಳೆದು ಜಾರ್ಜಿಯಾ ಯೂನಿವರ್ಸಿಟಿ ಆರಿಸಿಕೊಂಡ. ಅಲ್ಲೂ ಆ ಪತ್ರಕ್ಕೆ ಸಹಿ ಹಾಕಲಿಲ್ಲ. ಸ್ಕಾಲರ್‌ಶಿಪ್ ಕಾಗದಕ್ಕೆ ಮಾತ್ರ ಹಾಕಿದ. ಆಗ ಆ ಕಾಗದ ಕಾಲೇಜನ್ನು ಕಟ್ಟಿಹಾಕುತ್ತಿತ್ತು, ಹುಡುಗನನ್ನು ಅಲ್ಲ. 2018ರಲ್ಲಿ ಎನ್‌ಎಫ್‌ಎಲ್ ತಂಡಗಳು ಕಾಲೇಜು ಆಟಗಾರರನ್ನು ಸರದಿಯಲ್ಲಿ ಆರಿಸುವಾಗ ಶಿಕಾಗೋ ಬೇರ್ಸ್ ತಂಡ ಅವನನ್ನು ದೇಶದಲ್ಲೇ ಎಂಟನೆಯವನಾಗಿ ಆರಿಸಿಕೊಂಡಿತು. ಫ್ಯಾಕ್ಸ್ ಯಂತ್ರ ಅರ್ಧ ಗಂಟೆ ಚುರುಕಾಗಿದ್ದಿದ್ದರೆ ಕಥೆಯೇ ಬೇರೆ.

ಇನ್ನೊಂದು, 2013ರದು. ಫ್ಲಾರಿಡಾದ ಅಲೆಕ್ಸ್ ಕಾಲಿನ್ಸ್‌ಗೆ ಅರ್ಕಾನ್ಸಾಸ್‌ಗೆ ಹೋಗಬೇಕಿತ್ತು. ಅವನ ಅಮ್ಮನಿಗೆ ಅದು ಬೇಡವಾಗಿತ್ತು. 21 ವರ್ಷದೊಳಗಿನವರ ಪತ್ರಕ್ಕೆ ಹೆತ್ತವರ ಸಹಿಯೂ ಬೇಕಿತ್ತು. ಸಹಿಯ ದಿನ ಅಮ್ಮ ಸಹಿ ಹಾಕಲಿಲ್ಲ. ಮಾರನೇ ದಿನ ಅಪ್ಪ ಹಾಕಿದ. ಊರೆಲ್ಲ ನಗಾಡಿತು. ನನಗೆ ಆ ಅಮ್ಮನ ಮೇಲೆ ನಗು ಬರಲಿಲ್ಲ. ಇಷ್ಟು ದೊಡ್ಡ ತೀರ್ಮಾನದಲ್ಲಿ ಮನೆಯವರ ಮಾತು ನಡೆಯುತ್ತಿದ್ದದ್ದು ಆ ಒಂದು ಸಹಿಯಲ್ಲಿ ಮಾತ್ರ.

ಮೊದಲು ಮಾತು ತಪ್ಪುವವರು ಯಾರು?

ಹುಡುಗ ಫ್ಲಿಪ್ ಆದಾಗ ಅಭಿಮಾನಿಗಳು ಅವನನ್ನು ಬೈದು ನೀರಿಳಿಸುತ್ತಾರೆ. ಹದಿನೇಳರ ಹುಡುಗನಿಗೆ ಐವತ್ತರ ಗಂಡಸರು ಬೈಯುತ್ತಾರೆ. ಲೆಕ್ಕ ಮಾತ್ರ ಒಂದೇ ಕಡೆಯದಲ್ಲ.

2010ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಕೋಚ್ ಲೇನ್ ಕಿಫಿನ್ ಒಬ್ಬ ಏಳನೇ ಕ್ಲಾಸಿನ ಹುಡುಗನಿಗೆ ಆಫರ್ ಕೊಟ್ಟರು. ಹುಡುಗ ಡೇವಿಡ್ ಸಿಲ್ಸ್, ವಯಸ್ಸು 13. ಅವನು ಕಮಿಟ್ ಆಗಿಬಿಟ್ಟ. ದೇಶವೆಲ್ಲ ಸುದ್ದಿ. ಅವನು ಕಾಲೇಜು ಮುಟ್ಟುವ ಮೊದಲೇ, 2013ರ ಸೆಪ್ಟೆಂಬರ್‌ನಲ್ಲಿ, ಒಂದು ಪಂದ್ಯ ಸೋತು ಬಂದ ರಾತ್ರಿಯೇ ಕಿಫಿನ್ ಕೆಲಸ ಹೋಯಿತು. ಮಾತು ಕೊಟ್ಟವನೇ ಇಲ್ಲ. ಹುಡುಗ ಮುಂದೆ ವೆಸ್ಟ್ ವರ್ಜೀನಿಯಾಕ್ಕೆ ಹೋದ. ಕ್ವಾರ್ಟರ್‌ಬ್ಯಾಕ್ ಆಗಬೇಕಿದ್ದವನು ಅಲ್ಲಿ ಚೆಂಡು ಹಿಡಿಯುವ ರಿಸೀವರ್ ಆಗಿ ಹೆಸರು ಮಾಡಿದ. ಹದಿಮೂರರ ಪೋರ ಹ್ಞೂಂ ಅಂದದ್ದು ತಪ್ಪೋ, ದೊಡ್ಡವರು ಅವನನ್ನು ಕೇಳಿದ್ದು ತಪ್ಪೋ?

2021ರ ನವೆಂಬರ್ ಕೊನೆಯಲ್ಲಿ ಎರಡೇ ದಿನದಲ್ಲಿ ಇಬ್ಬರು ದೊಡ್ಡ ಕೋಚ್‌ಗಳು ಜಾಗ ಬದಲಿಸಿದರು. ಲಿಂಕನ್ ರೈಲಿ ಒಕ್ಲಹೋಮಾ ಬಿಟ್ಟು ಸದರ್ನ್ ಕ್ಯಾಲಿಫೋರ್ನಿಯಾಕ್ಕೆ, ಬ್ರಯಾನ್ ಕೆಲ್ಲಿ ನೋಟರ್ ಡೇಮ್ ಬಿಟ್ಟು ಲೂಸಿಯಾನಾದ ಎಲ್‌ಎಸ್‌ಯುಗೆ. ಸಹಿಯ ದಿನಕ್ಕೆ ಮೂರು ವಾರವೂ ಇರಲಿಲ್ಲ. ಅವರನ್ನು ನಂಬಿ ಕಮಿಟ್ ಆಗಿದ್ದ ಹುಡುಗರು ಎಲ್ಲಿಗೆ ಹೋಗಬೇಕು? ಕೆಲವರು ಕೋಚ್‌ನ ಹಿಂದೆಯೇ ಹೋದರು.

ಅದೇ ಡಿಸೆಂಬರ್ 15ರಂದು ಟ್ರಾವಿಸ್ ಹಂಟರ್‌ನ ಫ್ಲಿಪ್. ದೇಶದ ಅತಿ ದೊಡ್ಡ ಪ್ರತಿಭೆಗಳಲ್ಲಿ ಒಬ್ಬ, ಹೆಚ್ಚುಕಡಿಮೆ ಎರಡು ವರ್ಷದಿಂದ ಫ್ಲಾರಿಡಾ ಸ್ಟೇಟ್‌ಗೆ ಕಮಿಟ್ ಆಗಿದ್ದವನು. ಕೊನೆ ಗಳಿಗೆಯಲ್ಲಿ ಡಿಯಾನ್ ಸ್ಯಾಂಡರ್ಸ್ ಕೋಚ್ ಆಗಿದ್ದ ಜಾಕ್ಸನ್ ಸ್ಟೇಟ್ ಎಂಬ ಕರಿಯರ ಐತಿಹಾಸಿಕ ಕಾಲೇಜನ್ನು ಆರಿಸಿದ. ಅದು ಕೆಳಗಿನ ದರ್ಜೆಯ ತಂಡ. ಆಮೇಲೆ ಸ್ಯಾಂಡರ್ಸ್ ಜೊತೆಗೇ ಕೊಲರಾಡೋಗೆ ಹೋದ. 2024ರಲ್ಲಿ ಕಾಲೇಜು ಆಟದ ಅತಿ ದೊಡ್ಡ ಪ್ರಶಸ್ತಿ ಹೈಸ್ಮನ್ ಗೆದ್ದ. ಫ್ಲಾರಿಡಾ ಸ್ಟೇಟ್‌ನವರಿಗೆ ಅವನು ಮಾತು ತಪ್ಪಿದವನು. ಇನ್ನೊಂದು ಕಡೆಯಿಂದ ನೋಡಿದರೆ ಒಬ್ಬ ಕೋಚ್‌ನ ಜೊತೆ ಕೊನೆವರೆಗೂ ನಿಂತವನು.

ದುಡ್ಡು ಬಂದ ಮೇಲೆ

ಇಲ್ಲಿಯವರೆಗೆ ಹೇಳಿದ್ದರಲ್ಲಿ ಒಂದು ಹಳೆಯ ಊಹೆ ಇದೆ: ಹುಡುಗನಿಗೆ ಸಿಗುವುದು ಓದು, ಊಟ ಮಾತ್ರ, ಸಂಬಳವಿಲ್ಲ. ಕದ್ದುಮುಚ್ಚಿ ಕೊಟ್ಟರೆ ದಂಡ. ಹಾಗೆ ಕೊಟ್ಟಿದ್ದಕ್ಕೆ ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿಯ 1987ರ ಇಡೀ ಸೀಸನ್ನನ್ನೇ ಎನ್‌ಸಿಎಎ ರದ್ದು ಮಾಡಿತ್ತು.

2021ರ ಜುಲೈ 1ರಿಂದ ಆಟಗಾರ ತನ್ನ ಹೆಸರು, ಮುಖ ಬಳಸಲು ಬಿಟ್ಟು ದುಡ್ಡು ಪಡೆಯಬಹುದು ಎಂದಾಯಿತು. ಜಾಹೀರಾತಿಗೆಂದು ಶುರುವಾದದ್ದು. ಶ್ರೀಮಂತ ಅಭಿಮಾನಿಗಳು ಗುಂಪು ಕಟ್ಟಿ ಹುಡುಗರಿಗೆ ಹಣ ಹೊಂದಿಸತೊಡಗಿದರು. ಅದೇ ಹೊತ್ತಿಗೆ ಕಾಲೇಜು ಬದಲಿಸುವುದೂ ಸುಲಭವಾಯಿತು. ಕಾಲೇಜು ಬದಲಿಸಬೇಕೆನ್ನುವವರು ಹೆಸರು ಬರೆಸುವ ‘ಟ್ರಾನ್ಸ್‌ಫರ್ ಪೋರ್ಟಲ್’ ಎಂಬ ಪಟ್ಟಿ 2018ರಲ್ಲೇ ಬಂದಿತ್ತು. 2021ರಿಂದ ಒಂದು ಸಲ ಕಾಲೇಜು ಬದಲಿಸಿದರೆ ವರ್ಷ ಸುಮ್ಮನೆ ಕೂರಬೇಕಿಲ್ಲ. 2024ರಿಂದ ಓದಿನಲ್ಲಿ ಹಿಂದೆ ಬೀಳದಿದ್ದರೆ ಎಷ್ಟು ಸಲವಾದರೂ ಸರಿ. ಕೊಟ್ಟ ಸಹಿಯೇ ಒಂದು ವರ್ಷದ ಮಾತಾದ ಮೇಲೆ ಟೋಪಿಯ ಮಾತು ಎಷ್ಟು ದಿನದ್ದು?

ಜೇಡನ್ ರಶಾಡ ಎಂಬ ಕ್ವಾರ್ಟರ್‌ಬ್ಯಾಕ್‌ನ ಕಥೆ ಇದನ್ನೆಲ್ಲ ಒಟ್ಟಿಗೆ ತೋರಿಸುತ್ತದೆ. 2022ರ ಜೂನ್‌ನಲ್ಲಿ ಮಯಾಮಿಗೆ ಕಮಿಟ್ ಆದ. ನವೆಂಬರ್‌ನಲ್ಲಿ ಫ್ಲಾರಿಡಾ ಯೂನಿವರ್ಸಿಟಿಗೆ ಫ್ಲಿಪ್. ಆ ಕಾಲೇಜಿನ ಅಭಿಮಾನಿ ಗುಂಪಿನ ಜೊತೆ 1.385 ಕೋಟಿ ಡಾಲರ್‌ನ ಒಪ್ಪಂದ. ಡಿಸೆಂಬರ್‌ನಲ್ಲಿ ಸಹಿಯೂ ಬಿತ್ತು. ಒಪ್ಪಂದ ಮಾತ್ರ ಮುರಿಯಿತು, ದುಡ್ಡು ಬರಲಿಲ್ಲ. ಜನವರಿಯಲ್ಲಿ ಪತ್ರದಿಂದ ಬಿಡುಗಡೆ ಕೇಳಿ, ಅರಿಜೋನಾ ಸ್ಟೇಟ್‌ಗೆ ಹೋದ. 2024ರಲ್ಲಿ ಫ್ಲಾರಿಡಾದ ಕೋಚ್ ಮತ್ತು ಇತರರ ಮೇಲೆ ಮೊಕದ್ದಮೆ ಹೂಡಿದ. ಮಾತು ಮುರಿದವನು ಅವನೇ, ಮುರಿದ ಮಾತಿಗೆ ಬಲಿಯಾದವನೂ ಅವನೇ.

2024ರ ಅಕ್ಟೋಬರ್‌ನಲ್ಲಿ ಅರವತ್ತು ವರ್ಷದ ಆ ಲೆಟರ್ ಆಫ್ ಇಂಟೆಂಟ್ ಅನ್ನೇ ತೆಗೆದುಹಾಕಿದರು. ಈಗ ಹುಡುಗ ಸಹಿ ಹಾಕುವುದು ಸ್ಕಾಲರ್‌ಶಿಪ್ ಒಪ್ಪಂದಕ್ಕೆ. ಅದಕ್ಕೆ ಸಹಿ ಬಿದ್ದರೂ ಬೇರೆ ಕಾಲೇಜುಗಳು ದೂರ ಇರಬೇಕು. 2025ರ ಜೂನ್‌ನಲ್ಲಿ ಇನ್ನೂ ದೊಡ್ಡದೊಂದು ಬದಲಾವಣೆ. ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ‘ಹೌಸ್’ ಎಂಬ ಪ್ರಕರಣದ ರಾಜಿಗೆ ಕೋರ್ಟು ಒಪ್ಪಿತು. ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು, ಮೊದಲ ವರ್ಷ ಒಂದು ಕಾಲೇಜಿಗೆ ಎಲ್ಲ ಆಟಗಳೂ ಸೇರಿ ಸುಮಾರು 2.05 ಕೋಟಿ ಡಾಲರ್‌ವರೆಗೆ. ಈಗ ಕಾಗದದಲ್ಲಿ ಮೊತ್ತ, ಅವಧಿ, ಬಿಟ್ಟು ಹೋದರೆ ಏನು ಎಂಬ ಷರತ್ತು ಎಲ್ಲ ಬರುತ್ತಿದೆ. ಹೀಗೆ ಒಪ್ಪಂದವಾಗಿದ್ದ ಒಬ್ಬ ಆಟಗಾರನನ್ನು ಸೆಳೆದುಕೊಂಡರು ಎಂದು 2025ರಲ್ಲಿ ವಿಸ್ಕಾನ್ಸಿನ್ ಯೂನಿವರ್ಸಿಟಿ ಮಯಾಮಿ ಮೇಲೆ ಕೇಸು ಹಾಕಿತು. ಮೊದಲು ಅಭಿಮಾನಿಗಳು ಬೈದು ಮುಗಿಸುತ್ತಿದ್ದದ್ದನ್ನು ಈಗ ವಕೀಲರು ಬರೆಯುತ್ತಿದ್ದಾರೆ.

ಹಾಗಾದರೆ ಆ ಮಾತಿಗೆ ಎಷ್ಟು ತೂಕ ಇರಬೇಕು?

ಹಳೇ ಕೋಚ್‌ಗಳು ಹೇಳುವುದು, ಕೊಟ್ಟ ಮಾತು ಕೊಟ್ಟ ಮಾತೇ. ಅವನನ್ನು ನಂಬಿ ನಾವು ಇನ್ನೊಬ್ಬ ಹುಡುಗನಿಗೆ ಜಾಗವಿಲ್ಲ ಎಂದಿರುತ್ತೇವೆ. ಇದು ಸುಳ್ಳಲ್ಲ. ಕೊನೆ ವಾರದ ಫ್ಲಿಪ್‌ನಿಂದ ಪೆಟ್ಟು ತಿನ್ನುವವನು ಕೋಚ್ ಅಲ್ಲ, ಆ ಇನ್ನೊಬ್ಬ ಹುಡುಗ.

ಹುಡುಗರ ಮನೆಯವರು ಹೇಳುವುದು, ಕೋಚ್ ಜಾಸ್ತಿ ಸಂಬಳಕ್ಕೆ ರಾತ್ರೋರಾತ್ರಿ ಹೋಗಬಹುದಾದರೆ ನಮ್ಮ ಹುಡುಗನಿಗೆ ಮಾತ್ರ ಯಾಕೆ ಈ ಉಪದೇಶ? ಬೆಂಗಳೂರಿನಲ್ಲಿ ಒಂದು ಕಂಪನಿಯ ಆಫರ್ ಲೆಟರ್ ಇಟ್ಟುಕೊಂಡು ನೋಟಿಸ್ ಪೀರಿಯಡ್‌ನಲ್ಲಿ ಇನ್ನೊಂದು ಇಂಟರ್‌ವ್ಯೂಗೆ ಹೋದವರಿಗೆ ಈ ವಾದ ಬಿಡಿಸಿ ಹೇಳಬೇಕಿಲ್ಲ.

ನನಗೆ ಕಾಣುವುದು ಇಷ್ಟು. ಕಮಿಟ್ ಎಂಬ ಪದ ದೊಡ್ಡದು, ಅದರ ಹಿಂದಿರುವ ಸಂಗತಿ ಸಣ್ಣದು. ‘ಇವತ್ತಿಗೆ ನನ್ನ ಮೊದಲ ಆಯ್ಕೆ ಇದು’ ಎಂದರೆ ಸರಿಯಾಗುತ್ತದೆ, ಆದರೆ ಅದಕ್ಕೆ ಯಾರೂ ಕೇಕ್ ಕತ್ತರಿಸುವುದಿಲ್ಲ. ಹುಡುಗನಿಂದ ಕೇಳಬಹುದಾದದ್ದು, ಮನಸ್ಸು ಬದಲಾದರೆ ಪೋಸ್ಟ್ ಹಾಕುವ ಮೊದಲು ಕೋಚ್‌ಗೆ ಫೋನ್ ಮಾಡಿ ಹೇಳಲಿ. ಕೋಚ್‌ನಿಂದ ಕೇಳಬೇಕಾದದ್ದು, ಜಾಗ ಇಲ್ಲ ಎಂದಾದರೆ ಡಿಸೆಂಬರ್‌ವರೆಗೆ ಸುಮ್ಮನಿದ್ದು ಕೈಬಿಡಬೇಡಿ, ಆಗಸ್ಟ್‌ನಲ್ಲೇ ಹೇಳಿಬಿಡಿ. ಬೇರೆ ಕಡೆ ಬಾಗಿಲು ತೆರೆದಿರುವಾಗಲೇ.

ಫ್ರಿಸ್ಕೋಗೆ ಇದನ್ನೆಲ್ಲ ಒಂದು ವಾಯ್ಸ್ ಮೆಸೇಜಿನಲ್ಲಿ ಹೇಳಿದೆ. ಪಕ್ಕದ ಮನೆಯ ಹುಡುಗನನ್ನು ಮೊದಲು ಕರೆದಿದ್ದ ಕೋಚ್‌ನ ಕೆಲಸ ಸೆಪ್ಟೆಂಬರ್‌ನಲ್ಲೇ ಹೋಗಿತ್ತಂತೆ. ಅದು ಅವಳಿಗೂ ಆಮೇಲೆ ಗೊತ್ತಾಯಿತು. ಹೊಸ ಕಾಲೇಜಿನ ಟೋಪಿ ಅವರು ಇನ್ನೂ ತಂದಿಲ್ಲ. ಡಿಸೆಂಬರ್ ಬುಧವಾರ ಸಹಿ ಆಗಲಿ, ಆಮೇಲೆ ಅಂಗಡಿಗೆ ಹೋದರಾಯಿತು ಎಂದು ಅಜ್ಜಿ ಹೇಳಿದ್ದಾರಂತೆ.